ಕಾಫಿ ಕಾರ್ಖಾನೆಯ ಮುಂದಿನ ಬಾಗಿಲು

ಹಾಸನದಲ್ಲಿ ಮುಚ್ಚಿಹೋಗಿದ್ದ ಹಳೇ ಕಾಫಿ ಕಾರ್ಖಾನೆಯೊಂದನ್ನು ಸಾರ್ವಜನಿಕ ಗ್ರಂಥಾಲಯ ಮಾಡಿದರು. ಗೋಡೆಗೆ ಸುಣ್ಣ ಬಳಿದು, ಬೀಜ ಹರಡುತ್ತಿದ್ದ ಉದ್ದನೆಯ ಹಾಲಿನಲ್ಲಿ ಮೇಜು ಕುರ್ಚಿ ಹಾಕಿದರು. ನನಗೆ ಅಲ್ಲಿ ಪುಸ್ತಕ ಕೊಡುವ ಕೆಲಸ ಸಿಕ್ಕಿತು. ಅದೇ ಹಾಲಿನಲ್ಲಿ ನನ್ನ ಅವ್ವ ಹದಿನೆಂಟು ವರ್ಷ ನೆಲದ ಮೇಲೆ ಕೂತು ಕೆಟ್ಟ ಬೀಜ ಆರಿಸಿದ್ದಳು. ಆಫೀಸಿನವರು ನನ್ನನ್ನು ಯಾರೋ ಮೇಷ್ಟರ ಮಗಳು ಅಂದುಕೊಂಡಿದ್ದರು. ನಾನೂ ಅಂದುಕೊಳ್ಳಲಿ ಅಂತ ಬಿಟ್ಟಿದ್ದೆ.

ಅವ್ವನಿಗೆ ಒಂದೇ ಆಸೆ, ಮುಂದಿನ ಬಾಗಿಲಿನಿಂದ ಒಳಗೆ ಹೋಗಬೇಕು ಅಂತ. ಕೂಲಿ ಹೆಂಗಸರಿಗೆ ಆಗ ಹಿಂದಿನ ಗೇಟು. ಸಂಜೆ ಕೆಲಸ ಬಿಟ್ಟಾಗ ಅಲ್ಲೊಬ್ಬ ಹೆಂಗಸು ಪ್ರತಿಯೊಬ್ಬಳ ತುರುಬು ಬಿಚ್ಚಿಸಿ, ಸೆರಗು ಕೊಡವಿಸಿ, ಸೊಂಟ ತಡಕಿ, ಬೀಜ ಕದ್ದಿಲ್ಲವೆಂದು ಖಾತ್ರಿಯಾದ ಮೇಲೇ ಹೊರಗೆ ಬಿಡುತ್ತಿದ್ದಳು.

"ಒಂದ್ಸಲ ಬತ್ತೀನಿ ಕಣವ್ವ" ಎಂದು ಅವ್ವ ತಿಂಗಳುಗಟ್ಟಲೆ ಕಾಡಿದಳು.

"ಬಾ. ಆದ್ರೆ ನನ್ನ ಮಾತಾಡಿಸ್ಬೇಡ," ಅಂದೆ.

"ಆಗ್ಲಿ ಬುಡು," ಅಂದಳು.

ಒಳ್ಳೇ ಸೀರೆ ಉಟ್ಟು ಬಂದಳು. ತಾನು ಹಿಂದೆ ಕೂರುತ್ತಿದ್ದ ಕಿಟಕಿಯ ಪಕ್ಕದಲ್ಲೇ ಕುರ್ಚಿ ಹಿಡಿದು, ಓದಲು ಬಾರದಿದ್ದರೂ ಪೇಪರು ಬಿಡಿಸಿಕೊಂಡು ಅರ್ಧ ಗಂಟೆ ಕೂತಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವಳಲ್ಲ ಅವಳು.

ಅವಳು ಎದ್ದು ಹೊರಟಾಗ ಬಾಗಿಲಲ್ಲಿ ವಾಚ್‌ಮನ್ ಹೊರಗೆ ಹೋಗುವವರ ಚೀಲ ನೋಡುತ್ತಿದ್ದ. ಅವನನ್ನು ಕಂಡದ್ದೇ ಅವ್ವನ ಕೈ ತಾನಾಗಿಯೇ ತುರುಬಿಗೆ ಹೋಯಿತು. ಕೂದಲು ಬಿಚ್ಚಿದಳು, ಸೆರಗು ಕೊಡವಿದಳು, ಎರಡೂ ತೋಳೆತ್ತಿ ನಿಂತುಬಿಟ್ಟಳು. ಸಾಲಿನಲ್ಲಿದ್ದ ಕಾಲೇಜಿನವರು ಗೊಳ್ಳೆಂದು ನಕ್ಕರು. ವಾಚ್‌ಮನ್‌ಗೂ ತಮಾಷೆ ಹತ್ತಿತು. ಅವಳ ಸೊಂಟ ತಡಕಿ, "ಏನೂ ಕದ್ದಿಲ್ಲ, ಓಗಜ್ಜಿ," ಅಂದ.

ಗ್ರಂಥಾಲಯದ ಸಾಹೇಬರು ನನ್ನ ಮೇಜಿನ ಹತ್ತಿರವೇ ನಿಂತಿದ್ದರು. "ಯಾರಮ್ಮಾ ಅದು?"

"ಯಾರೋ ತಲೆ ಸರಿ ಇಲ್ಲದೋರು ಇರ್ಬೇಕು ಸಾರ್," ಅಂದೆ. ಅವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ನಕ್ಕೆ ಕೂಡ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಂಜೆ ಮನೆಗೆ ಹೋದಾಗ ಅವ್ವ ಸೊಪ್ಪು ಬಿಡಿಸುತ್ತಿದ್ದಳು. ನಾನು ಆಡಿದ್ದನ್ನಾಗಲಿ ನಕ್ಕಿದ್ದನ್ನಾಗಲಿ ಎತ್ತಲಿಲ್ಲ. ತಲೆ ಎತ್ತದೆಯೇ ಹೇಳಿದಳು:

"ಆಗ ತಡಕ್ತಿದ್ದೋಳು ಎಂಗ್ಸಾದ್ರೂ ಆಗಿದ್ಲು. ನೀನೇ ಎದ್ ಬಂದು ತಡಕ್ಬುಟ್ಟಿದ್ರೆ ಆಯ್ತಿತ್ತು ಕಣವ್ವ. ನನ್ ಮಗಳು ಅಂತ ಯಾರ್ಗೂ ಗೊತ್ತಾಯ್ತಿರ್ಲಿಲ್ಲ."