ಮಣ್ಣೂರಿನ ಹೆಸರಿಲ್ಲದ ಗಿಡ

ಮನೆ ಬದಲಿಸಲೆಂದು ಹಳೆಯ ಟ್ರಂಕು ತೆರೆದಾಗ ಡಾಂಬರ್ ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ತಳದಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಅದರ ಬಾಯಿಗೆ ಅಂಟಿಸಿದ ಚೀಟಿಯನ್ನು ಹರಿದೆ. ಒಳಗೆ ದಪ್ಪ ಹಾಳೆ, ಹಾಳೆಗೆ ದಾರದಿಂದ ಹೊಲಿದ ಒಣಗಿದ ಗಿಡ. ಮೂಲೆಯಲ್ಲಿ ನಮ್ಮ ಸಸ್ಯಶಾಸ್ತ್ರದ ಸರ್ ಅವರ ಅಕ್ಷರ: ‘ಮಣ್ಣೂರ, ಭೀಮಾ ದಂಡೆ’. ಹೆಸರಿನ ಸಾಲು ಖಾಲಿ.

ಈ ಹಾಳೆ ನನ್ನ ಹತ್ತಿರ ಇರಬಾರದಿತ್ತು.

ಸರ್ ಅಫಜಲಪುರದ ಕಾಲೇಜಿನಲ್ಲಿದ್ದರು. ಆ ಗಿಡ ಅವರಿಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಪೇಪರುಗಳ ನಡುವೆ ಒತ್ತಿ ಒಣಗಿಸುವಾಗ ಕೊಳೆಯಬಾರದೆಂದು ದಿನಾ ಅದರ ಪೇಪರು ಬದಲಿಸುತ್ತಿದ್ದೆವು. ಸಸ್ಯ ಬಲ್ಲವನಿಗೆ ಲ್ಯಾಟಿನ್ನಿನಲ್ಲಿ ಬೊಟಾನಿಕುಸ್ ಅನ್ನುತ್ತಾರೆ. ಆ ಒಂದು ಪದದ ವಿಭಕ್ತಿ ರೂಪಗಳನ್ನು ಸರ್ ಒಂದು ಹರಕು ವ್ಯಾಕರಣ ಪುಸ್ತಕದಿಂದ ತಾವೇ ಕಲಿತಿದ್ದರು. ಕೆಲಸದ ಲಯಕ್ಕೆ ಅದನ್ನೇ ಹೇಳುತ್ತಿದ್ದರು: ಬೊಟಾನಿಕುಸ್, ಬೊಟಾನಿಕಿ, ಬೊಟಾನಿಕೊ, ಬೊಟಾನಿಕುಮ್... “ಅಲ್ಲೀನೂ ವಿಭಕ್ತಿ ಬಿಟ್ಟಿಲ್ಲ ನೋಡಲೇ!” ಸಂಬೋಧನೆ ಬಂದಾಗ ನನ್ನ ಕಡೆ ತಿರುಗುವರು. “ಬೊಟಾನಿಕೆ! ನಿದ್ದಿ ಬರಾಕತ್ತೇದೇನು? ಪೇಪರ್ ತಾ.”

“ನಾ ಇನ್ನೂ ಆಗಿಲ್ರಿ ಸರ್.”

“ಕರದ್ರ ಆಗ್ತಿ. ಅದಕ್ಕ ಕರೀತೇನಿ.”

ನಾನು ಎಂ.ಎಸ್ಸಿ.ಗೆ ಕಲಬುರಗಿಗೆ ಹೊರಟಾಗ ಹಾಳೆಯನ್ನು ಸುತ್ತಿ, ಚೀಟಿ ಅಂಟಿಸಿ, ಅದರ ಮೇಲೆ ಸಹಿ ಮಾಡಿ ಕೊಟ್ಟರು. “ಅಲ್ಲಿ ದೊಡ್ಡವರಿರ್ತಾರ. ತೋರಸು. ಹೆಸರು ಗೊತ್ತಾದ್ರ ಸಾಕು.”

ತೋರಿಸಿದ್ದೆ. ಪ್ರೊಫೆಸರರ ಉದ್ದ ಮೇಜು, ಅವರ ಭೂತಗನ್ನಡಿ, “ಇಟ್ಟು ಹೋಗು” ಎಂದದ್ದು... ಎಲ್ಲ ನೆನಪಿದೆ. ಊರಿಗೆ ಬಂದಾಗಲೆಲ್ಲ ಸರ್ ಕೇಳುತ್ತಿದ್ದರು, “ಏನಂದ್ರಪಾ ಅವರು?” ನಾನು “ಇನ್ನೂ ನೋಡಾಕತ್ತಾರ್ರಿ” ಅನ್ನುತ್ತಿದ್ದೆ. ಕೊನೆಯ ಸಲ ಅವರು ಹಾಸಿಗೆ ಹಿಡಿದಿದ್ದರು. ನನ್ನ ಅದೇ ಉತ್ತರ ಕೇಳಿ, “ಪಾಪ, ಅವರಿಗೂ ಭಾಳ ತ್ರಾಸ ಕೊಡಾಕತ್ತದ ನನ್ನ ಗಿಡ” ಎಂದರು. ಆಮೇಲೆ ಒಂದು ತಿಂಗಳೂ ಉಳಿಯಲಿಲ್ಲ.

ಪ್ರೊಫೆಸರರು ನೋಡಿ ವಾಪಸು ಕೊಟ್ಟಿರಬಹುದೇ? ಹಾಗೆಂದು ನಂಬಲು ಇಡೀ ಬೆಳಿಗ್ಗೆ ಹೆಣಗಿದೆ. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪಬಾರದು ಎಂದು ಓದಿ ಬಂದವನು ನಾನು. ಸಾಕ್ಷಿ ಕಾಲ ಬಳಿಯೇ ಬಿದ್ದಿತ್ತು: ಸಹಿಯ ನಡುವೆ ಸೀಳಿದ ಚೀಟಿ. ಸರ್ ಅಂಟಿಸಿದ್ದನ್ನು ಮೊದಲು ಹರಿದವನು ನಾನೇ, ಇವತ್ತು. ಆ ಮೇಜು, ಆ ಭೂತಗನ್ನಡಿ ಎಲ್ಲಿಂದ ಬಂದವೋ... ಸುಳ್ಳನ್ನು ಅಷ್ಟು ಸಲ ಹೇಳಿ ನೆನಪಾಗಿಸಿಕೊಂಡಿದ್ದೆನೇ?

ಈಗ ಯಾರಿಗಾದರೂ ತೋರಿಸಿದರೆ ಹೆಸರು ಸಿಕ್ಕೀತು. ಹೋಗಿ ಹೇಳುವುದು ಯಾರಿಗೆ?

ಹಾಳೆಯನ್ನು ಹೊಸ ಪೇಪರಿನಲ್ಲಿಟ್ಟು ಮಡಚುವಾಗ ಬಾಯಿ ತಾನಾಗಿ ಹೇಳತೊಡಗಿತು. ಬೊಟಾನಿಕುಸ್, ಬೊಟಾನಿಕಿ, ಬೊಟಾನಿಕೊ, ಬೊಟಾನಿಕುಮ್... ಸಂಬೋಧನೆಯ ಹತ್ತಿರ ನಿಂತುಬಿಟ್ಟೆ. ಅದನ್ನು ಅವರೇ ಹೇಳಬೇಕಿತ್ತು.