ಹನ್ನೆರಡನೆಯ ಹೆಸರನ್ನು ಯಾರಿಗೂ ಇಡದ ಚಿಕ್ಕಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಶವಾಗಾರದ ಹಿಂಬಾಗಿಲಲ್ಲಿ ಚಿಕ್ಕಮ್ಮ ಪಾತ್ರೆಯಲ್ಲಿ ನೀರು ಕಾಯಿಸುತ್ತಿದ್ದಾರೆ. ಒಳಗೆ ಕಲ್ಲಿನ ಮೇಜಿನ ಮೇಲೆ ಹಳೆಯ ದಿಂಬಿನ ಕವರಿನಲ್ಲಿ ಸುತ್ತಿದ ಒಂದು ಕೂಸು. ಹುಟ್ಟಿದ್ದೂ ಇಲ್ಲೇ, ಸತ್ತಿದ್ದೂ ಇಲ್ಲೇ. ವಾರವಿಡೀ ಕಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಸತ್ತ ಮಗುವಿಗೆ ಬಿಸಿನೀರು ಯಾಕೆ ಎಂದು ನಾನು ಕೇಳಿದರೆ ಚಿಕ್ಕಮ್ಮ ಬೆರಳಿನಿಂದ ನೀರಿನ ಹದ ನೋಡುತ್ತಲೇ ಗದರುತ್ತಾರೆ: "ತಣ್ಣೀರಲ್ಲಿ ನಿಮ್ಮ ಕೈ ಅದ್ದಿ ನೋಡಿ, ಆಮೇಲೆ ಕೇಳಿ."

ಡಾಕ್ಟರಿಂದ ಹಿಡಿದು ಕಾವಲುಗಾರನ ತನಕ ಇವರು ಎಲ್ಲರಿಗೂ ಚಿಕ್ಕಮ್ಮ. ವಾರಸುದಾರರಿಲ್ಲದ ಕೂಸುಗಳನ್ನು ತೊಳೆದು, ಬಟ್ಟೆ ಸುತ್ತಿ, ಹಿಂದಿನ ಬೀದಿಯ ಸ್ಮಶಾನಕ್ಕೆ ಹೊತ್ತೊಯ್ಯುವುದು ಇವರ ಕೆಲಸ. ತಿಂಗಳಿಗೆ ಮೂರೋ ನಾಲ್ಕೋ ಬರುತ್ತವೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಅಲ್ಲಿ ಗುಂಡಿ ತೋಡುವುದು ಗಂಡನ ಕೆಲಸ. ತುಟಿ ಪಿಟಕ್ಕೆನ್ನದ ಮನುಷ್ಯ. "ನಮ್ಮಿಬ್ಬರದ್ದೂ ಒಂದೇ ಕಂಪನಿ, ಸಾಹೇಬರೂ ಇಲ್ಲ, ರಜೆಯೂ ಇಲ್ಲ" ಎಂದು ಚಿಕ್ಕಮ್ಮ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಹೆಸರಿಲ್ಲದೆ ಒಂದು ಕೂಸನ್ನೂ ಇವರು ಮಣ್ಣಿಗೆ ಬಿಡುವುದಿಲ್ಲ. ಹೆಸರುಗಳು ಬೈಬಲಿನವು, ಯಾಕೋಬನ ಹನ್ನೆರಡು ಗಂಡುಮಕ್ಕಳವು. ಇಸ್ರಾಯೇಲಿನ ಹನ್ನೆರಡು ಕುಲಗಳು ಹುಟ್ಟಿದ್ದು ಅವರಿಂದಲೇ. ಅನಾಥಾಶ್ರಮದಲ್ಲಿ ಬೆಳೆದ ಚಿಕ್ಕಮ್ಮನಿಗೆ ಅಲ್ಲಿಯ ದೊಡ್ಡಕ್ಕ ನೆಲ ಒರೆಸುತ್ತಾ ಈ ಹೆಸರುಗಳನ್ನೂ ಅವುಗಳ ಅರ್ಥವನ್ನೂ ಕಲಿಸಿದ್ದರು. ಚಿಕ್ಕಮ್ಮ ಹೇಳುತ್ತಾರೆ: "ಅವು ಬರೀ ಹೆಸರಲ್ಲ, ಆ ತಾಯಂದಿರ ಹೊಟ್ಟೆಯ ಸಂಕಟ. ಯಾಕೋಬನಿಗೆ ಬೇಡವಾದ ಹೆಂಡತಿ ಲೇಯಳು ಹೆತ್ತಳು, 'ನೋಡಿ, ಮಗ' ಅಂತ ರೂಬೇನ ಅಂದಳು. ಅದಕ್ಕೇ ನಾನು ಬಟ್ಟೆ ಮುಚ್ಚೋ ಮೊದಲು ಮುಖ ನೋಡ್ತೀನಿ. ಯಾರಾದರೂ ಒಬ್ಬರು ನೋಡಬೇಕಲ್ವಾ? ಸಿಮೆಯೋನ ಅಂದ್ರೆ ದೇವರು ಕೇಳಿಸಿಕೊಂಡ ಅಂತ. ಅದಕ್ಕೇ ಹೆಸರು ಪಿಸುಗುಟ್ಟಲ್ಲ, ಗಟ್ಟಿಯಾಗಿ ಕೂಗ್ತೀನಿ. ಲೇವಿ ಅಂದ್ರೆ ಅಂಟಿಕೊಂಡವನು. ಗುಂಡಿಗಿಳಿಸೋ ತನಕ ಎದೆಗೆ ಒತ್ತಿಕೊಂಡೇ ಇರ್ತೀನಿ."

ಸಿಕ್ಕಿದ ಹೆಸರು ಇಡುವಂತಿಲ್ಲ, ಯಾಕೋಬನ ಮಕ್ಕಳು ಹುಟ್ಟಿದ ಕ್ರಮದಲ್ಲೇ ಸರದಿ. ಹೆಣ್ಣಾದರೂ ಅದೇ ಹೆಸರು. ಕಸದ ತೊಟ್ಟಿಯಲ್ಲಿ ಸಿಕ್ಕ ಕೂಸಿಗೆ ದಾನ್ ಸರದಿ ಬಂದಿತ್ತಂತೆ. ದಾನ್ ಎಂದರೆ ನ್ಯಾಯ ತೀರಿಸಿದವನು. "ಯಾವ ನ್ಯಾಯ ಅಂತ ಅವತ್ತು ದೇವರ ಜೊತೆ ಜಗಳ ಆಡಿದೆ. ಹೆಸರು ಮಾತ್ರ ಬದಲಾಯಿಸಲಿಲ್ಲ." ಹನ್ನೊಂದನೆಯ ಯೋಸೇಫನಾದ ಮೇಲೆ ಮತ್ತೆ ರೂಬೇನ. ಹನ್ನೆರಡನೆಯ ಹೆಸರನ್ನು ಇವರು ಮುಟ್ಟುವುದಿಲ್ಲ. ಆ ಮಗನನ್ನು ಹೆತ್ತು ಸಾಯುವಾಗ ತಾಯಿ ರಾಹೇಲಳು 'ನನ್ನ ನೋವಿನ ಮಗ' ಎಂದು ಹೆಸರಿಟ್ಟಳು. ಅಪ್ಪ ಯಾಕೋಬ ಅದನ್ನು ಅಳಿಸಿ ಬೆನ್ಯಾಮೀನ, 'ಬಲಗೈಯ ಮಗ' ಎಂದ. "ಆ ಹೆಸರನ್ನ ಅಪ್ಪನೇ ಇಡಬೇಕು. ನನ್ನ ಹತ್ತಿರ ಬರೋ ಮಕ್ಕಳಿಗೆ ಅಪ್ಪ ಎಲ್ಲಿದಾನೆ?"

ಏಳು ತಿಂಗಳ ಹಿಂದೆ ಚಿಕ್ಕಮ್ಮನ ಒಬ್ಬಳೇ ಮಗಳು ಇದೇ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತು ತೀರಿಕೊಂಡಳು. ಅವಳನ್ನೂ ಇದೇ ಮೇಜಿನ ಮೇಲೆ ಚಿಕ್ಕಮ್ಮನೇ ತೊಳೆದರು. ವಾರ್ಡಿಗೆ ವಾಪಸ್ಸು ಬಂದಾಗ ನರ್ಸು ಮಗುವಿನ ಕೈಗೆ ಪಟ್ಟಿ ಕಟ್ಟುತ್ತಾ, ಏನು ಹೆಸರು ಬರೀಲಿ ಎಂದಳು. ಚಿಕ್ಕಮ್ಮನ ಬಾಯಿ ತಾನಾಗಿ ಹೇಳಿತು, "ಇಸ್ಸಾಕಾರ." ಸರದಿಯಲ್ಲಿ ಮುಂದಿನ ಹೆಸರು ಅದೇ ಆಗಿತ್ತು. ಅರ್ಥ, ಕೂಲಿ.

ಅಳಿಯ ಲಾರಿ ಡ್ರೈವರ್, ಪಕ್ಕದಲ್ಲೇ ನಿಂತಿದ್ದ. ಅತ್ತೆಯ ಮನೆಯಲ್ಲಿ ಉಂಡು ತಿಂದವನಿಗೆ ಆ ಹೆಸರುಗಳು ಯಾರಿಗೆ ಮೀಸಲು ಎಂದು ಗೊತ್ತಿತ್ತು. "ಬದುಕಿರೋ ಮಗೂನೂ ನಿಮ್ಮ ಸಾಲಿಗೆ ಹಾಕಿಬಿಟ್ರಾ ಅತ್ತೆ? ನನ್ನ ಹೆಂಡ್ತಿ ಜೀವಕ್ಕೆ ಇದಾ ಕೂಲಿ?" ಎಂದವನು ಹಾಗೇ ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ತಿಂಗಳಿಗೊಮ್ಮೆ ಹಾಲಿನ ಪುಡಿಯ ಡಬ್ಬಿಗಳನ್ನು ಚಿಕ್ಕಮ್ಮನ ಮನೆಯ ಹೊಸ್ತಿಲಲ್ಲಿಟ್ಟು ಹೋಗುತ್ತಾನೆ. ಅಲ್ಲೇ ಬೆಳೆಯುತ್ತಿರುವ ಮಗುವನ್ನು ಒಮ್ಮೆಯೂ ಎತ್ತಿಲ್ಲ. ಆ ಹೆಸರಿನಿಂದ ಮಗುವನ್ನು ಮತ್ತೆ ಯಾರೂ ಕರೆದಿಲ್ಲ, ಬೇರೆ ಹೆಸರೂ ಇಟ್ಟಿಲ್ಲ.

ಈಗ ಮೊಮ್ಮಗನ ಎದೆ ಕಟ್ಟಿದೆ. ಉಸಿರೆಳೆದಾಗ ಗೊರಗೊರ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಹೆಸರಿಲ್ಲದೆ ಹೋಗಬಾರದು, ಭಾನುವಾರ ದೀಕ್ಷಾಸ್ನಾನ ಮಾಡಿಸಿಯೇ ತೀರುತ್ತೇನೆ, ಯಾವುದಾದರೂ ಹೆಸರು ತನ್ನಿ ಎಂದು ಪಾದ್ರಿಗಳು ಪಟ್ಟು ಹಿಡಿದಿದ್ದಾರೆ. ಚಿಕ್ಕಮ್ಮನ ನಾಲಿಗೆ ಏಳುತ್ತಿಲ್ಲ. ಬೀದಿಯ ಮಕ್ಕಳಿಗೆಲ್ಲ ಹೆಸರಿಟ್ಟವರಿಗೆ ಸ್ವಂತ ಮೊಮ್ಮಗನಿಗೆ ಒಂದು ಹೆಸರಿಡಲಾಗುತ್ತಿಲ್ಲ.

ಇವತ್ತಿನ ಕೂಸನ್ನು ನಫ್ತಾಲಿ ಎಂದು ಕೂಗಿ ಮಣ್ಣು ಮಾಡಿದ ಮೇಲೆ ಚಿಕ್ಕಮ್ಮ ಮನೆಗೆ ಹೋಗುವುದಿಲ್ಲ. ಕೈಕಾಲು ತೊಳೆದು ನೇರವಾಗಿ ಲಾರಿ ನಿಲ್ದಾಣಕ್ಕೆ ನಡೆಯುತ್ತಾರೆ. ಅಳಿಯ ಸಿಮೆಂಟು ಮೂಟೆಗಳ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿಯುತ್ತಿದ್ದಾನೆ. ಅತ್ತೆಯನ್ನು ನೋಡಿದರೂ ಮುಖ ಕೊಡುವುದಿಲ್ಲ.

"ತಪ್ಪು ನಂದೇ, ಒಪ್ಪಿಕೊಳ್ತೀನಿ. ನಾನಿಟ್ಟಿದ್ದನ್ನ ಅಳಿಸು. ನೀನೊಂದು ಹೆಸರಿಡು," ಎನ್ನುತ್ತಾರೆ ಚಿಕ್ಕಮ್ಮ.

ಅವನು ಹಗ್ಗಕ್ಕೆ ಇನ್ನೊಂದು ಗಂಟು ಹಾಕುತ್ತಾನೆ. ಹಗ್ಗದ ಕಡೆಗೇ ನೋಡುತ್ತಾ ಕೇಳುತ್ತಾನೆ. "ಇಟ್ಟ ಮೇಲೆ ಹೋಗಿಬಿಟ್ರೆ?"

"ಹೋಗಲ್ಲ ಅಂತ ನಾನು ಹೇಳಲಾರೆ. ನನ್ನ ಕೆಲಸ ಏನು ಅಂತ ನಿನಗೆ ಗೊತ್ತಲ್ಲ," ಎನ್ನುತ್ತಾರೆ ಚಿಕ್ಕಮ್ಮ. "ಆದ್ರೆ ಆಗ ನಿನ್ನ ಮಗ ಹೋದ ಅಂತಾರೆ ಕಣಪ್ಪ. ಈಗ ಹೋದ್ರೆ, ನನ್ನ ಸಾಲಿಗೆ ಇನ್ನೊಂದು ಸೇರ್ತು, ಅಷ್ಟೇ."

ಅಳಿಯ ಹಗ್ಗವನ್ನು ಹಾಗೇ ಬಿಟ್ಟು ಕೆಳಗಿಳಿಯುತ್ತಾನೆ. ಕೈಗೆ ಮೆತ್ತಿದ ಸಿಮೆಂಟನ್ನು ನಲ್ಲಿಯ ಕೆಳಗೆ ಉಗುರಿನ ಸಂದಿಯ ತನಕ ತಿಕ್ಕಿ ತೊಳೆಯುತ್ತಾನೆ. ಆಮೇಲೆ ಲಾರಿಯ ಎಡಗಡೆಯ ಬಾಗಿಲು ತೆಗೆದು ಹಿಡಿದು ನಿಲ್ಲುತ್ತಾನೆ. ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಕಂಬಿ ಹಿಡಿದು ಹತ್ತುತ್ತಾರೆ.

ಯಾವ ಹೆಸರಿಡಬೇಕೆಂದು ನಿಮ್ಮ ಆಸೆ ಎಂದು ನಾನು ಕಿಟಕಿಯಾಚೆಯಿಂದ ಕೇಳಿದರೆ ಚಿಕ್ಕಮ್ಮ ತಲೆಯಾಡಿಸುತ್ತಾರೆ. "ನನ್ನನ್ನ ಕೇಳಬೇಡಿ. ಅವನಿಗೆ ಅಪ್ಪ ಇದಾನೆ."