ಕೊಟ್ರಬಸಮ್ಮನ ಗೇಟಿನ ಬಕೆಟ್ಟು

ಚಿಗಟೇರಿ ಕಡೆಯ ಕೊಟ್ರಬಸಮ್ಮನಿಗೆ ಹೊಲಸು ಕಂಡರಾಗದು. ಗಂಡ ತೀರಿಕೊಂಡ ಮೇಲೆ ದಾಳಿಂಬೆ ತೋಟ ನೋಡಿಕೊಳ್ಳುವವಳು ಅವಳೇ. ಕತ್ತರಿ ತೊಳೆಯದೆ ಯಾರಿಗೂ ಒಂದು ಟೊಂಗೆ ಮುಟ್ಟಗೊಡುತ್ತಿರಲಿಲ್ಲ. ಮಡಿ ಮುದುಕಿ ಎಂದು ಊರವರು ನಗುತ್ತಿದ್ದರು.

ಹೋದ ಮಳೆಗಾಲ ಪಕ್ಕದಲ್ಲೇ ಇರುವ ಮೈದುನ ಪಾಲಾಕ್ಷಪ್ಪನ ತೋಟಕ್ಕೆ ದುಂಡಾಣು ರೋಗ ಬಿತ್ತು. ಎಲೆಯ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ, ಹಣ್ಣಿನ ಮೇಲೆ ಕಪ್ಪು ಹುಣ್ಣು, ಹುಣ್ಣು ಬಿರಿದು ಅಂಟಂಟು ರಸ. ಸಾವಿನ ಮನೆಗೆ ಹೋಗುವಂತೆ ಜನ ಮಾತಾಡಿಸಲು ಹೋದರು. ಹೋದವರು ಸುಮ್ಮನಿದ್ದರೇ? ಹಣ್ಣು ಕಿತ್ತು, ಬಿರುಕಿಗೆ ಬೆರಳಿಟ್ಟು, ಮೂಸಿ, ಥೂ ಎಂದು ಎಸೆದು, ಪಂಚೆಗೆ ಕೈ ಒರೆಸಿಕೊಂಡು ನೇರ ತಂತಮ್ಮ ತೋಟಕ್ಕೆ ನಡೆದರು. ಅಸಹ್ಯ! ಟೊಮೆಟೊ ಗಿಡ ಸೊರಗಿಸುವ ದುಂಡಾಣು ಮಣ್ಣಲ್ಲಿ ಕಾದು ಕೂತಿರುತ್ತದೆ, ಈರುಳ್ಳಿ ಕೊಳೆಸುವುದು ಗಾಯ ಹುಡುಕಿ ನುಗ್ಗುತ್ತದೆ. ದಾಳಿಂಬೆಯದಕ್ಕೆ ಉದುರಿದ ಎಲೆ, ಮಳೆಹನಿ, ಕತ್ತರಿ, ಮನುಷ್ಯರ ಕೈ ಎಲ್ಲವೂ ಬಂಡಿಯೇ.

ಕೊಟ್ರಬಸಮ್ಮ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ಟನ್ನು ಗೇಟಿನ ಹೊರಗಿಟ್ಟಳು. ಮೊದಲು ಸಿಕ್ಕವನೇ ಪಾಲಾಕ್ಷಪ್ಪ.

“ನಾನೇನು ಹೊಲಸು ಮುಟ್ಟಿ ಬಂದೀನೇನ್ರಿ ಅತ್ತಿಗಿ?”

“ಹೂಂ, ಮುಟ್ಟೇ ಬಂದೀಯಪ್ಪ. ಕೈ ತೊಳಕೋ.”

ಅವನು ಮುಖ ಸಿಂಡರಿಸಿಕೊಂಡು ಹೊರಟೇಹೋದ. ರೋಗದ ಟೊಂಗೆ ಸುಡು ಎಂದು ಹೇಳಿಕಳಿಸಿದರೆ, ಕತ್ತರಿಸಿ ತಂದು ಸಿಟ್ಟಿಗೆ ಇವಳ ಬದುವಿನ ಮೇಲೇ ಒಟ್ಟಿದ. ಇವಳು ಬೆಂಕಿ ಹಚ್ಚುವಷ್ಟರಲ್ಲಿ ಗಾಳಿಮಳೆ ಹೊಡೆಯಿತು.

ಕೆಲವು ದಿನ ಕಳೆದು ತನ್ನ ಗಿಡದ ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿದಳು. ಎಣ್ಣೆ ಚುಕ್ಕೆ. ಹೇಸಿ ಮೊದಲು ಬಕೆಟ್ಟಿಗೆ ಕೈ ಅದ್ದಿದಳು, ಅತ್ತದ್ದು ಆಮೇಲೆ.

ಹಣ್ಣು ಬಿರಿಯುವ ಹೊತ್ತಿಗೆ ಅವಳನ್ನೂ ಮಾತಾಡಿಸಲು ಜನ ಬಂದರು, ಎಲ್ಲರಿಗಿಂತ ಮುಂದೆ ಪಾಲಾಕ್ಷಪ್ಪ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ನೋಡಿ ಅವಳಿಗೆ ಮತ್ತಷ್ಟು ಹೇಸಿಗೆಯಾಯಿತು. ಅವನು ಬಿರಿದ ಹಣ್ಣೊಂದನ್ನು ಕಿತ್ತು, ಹಿಸುಕಿ ನೋಡಿ, ಟವೆಲ್ಲಿನಲ್ಲಿ ಸುತ್ತಿಕೊಂಡ.

“ಬಾಗಳಿ ಊರಿಗೆ ಹೊಂಟೀನ್ರಿ ಅತ್ತಿಗಿ. ಅಳಿಯಗ ತೋರಸ್ತೀನಿ. ಅವನ ತೋಟಕ್ಕ ಇನ್ನೂ ಬಂದಿಲ್ಲ.”

ಕೊಟ್ರಬಸಮ್ಮ ಟವೆಲ್ ಸಮೇತ ಹಣ್ಣು ಕಿತ್ತುಕೊಂಡು ಬಕೆಟ್ಟಿನಲ್ಲಿ ಮುಳುಗಿಸಿದಳು. ಬಕೆಟ್ಟನ್ನು ಆಗಲೇ ಗೇಟಿನ ಒಳಗೆ ಎಳೆದಿಟ್ಟಿದ್ದಳು.

“ಇನ್ನ್ಯಾಕ್ರಿ ಈ ಬಕೆಟ್ಟು? ನಿಮ್ಮ ತೋಟ ಹೋತಲ್ಲ!”

“ನಂದು ಹೋತು. ನಿನ್ನ ಅಳಿಯಂದು ಐತಲ್ಲೋ. ಕೈ ತೊಳಕೊಂಡು ಹೋಗು.”